ಲ್ಯಾಬ್ ಮೇಡಂಗೆ ಕೇಳಿ: ತಟ್ಟೆಗೆ ಬಂದದ್ದು ಎಲ್ಲಿಂದ?

(ಹಾಸನ–ಚಿಕ್ಕಮಗಳೂರು ಊಟದ ಗುಂಪು. ಆಹಾರ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವ ಮೇಡಂ ಭಾನುವಾರ ಉತ್ತರಿಸುತ್ತಾರೆ.)

ಅರಸೀಕೆರೆ: ನಮಸ್ಕಾರ ಮೇಡಂ. ರೇಷನ್ ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲುತ್ತವೆ. ಪ್ಲಾಸ್ಟಿಕ್ ಅಂತ ವಿಡಿಯೋ ಬಂದಿದೆ. ಮಕ್ಕಳಿಗೆ ಕೊಡಬಹುದಾ?

ಮೇಡಂ: ನಮಸ್ಕಾರ. ಕೊಡಿ. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಬೆರೆಸಿ, ಅಕ್ಕಿಯ ಆಕಾರಕ್ಕೆ ಒತ್ತಿ ತೆಗೆದ ಕಾಳು. 100 ಕೆಜಿ ಅಕ್ಕಿಗೆ ಸುಮಾರು 1 ಕೆಜಿ ಸೇರಿಸುತ್ತಾರೆ. ತೇಲಿದ್ದನ್ನು ಚೆಲ್ಲಬೇಡಿ.

ಸಕಲೇಶಪುರ: ಮೇಡಂ, ನಿನ್ನೆ ರಾತ್ರಿ ತೋಟದ ಅಂಚಿನ ಬಿಳಿ ಅಣಬೆ ಸಾರು ಮಾಡಿದೆವು. ಬೆಳ್ಳಿ ಕಾಲುಂಗುರ ಹಾಕಿ ಕುದಿಸಿದೆ, ಕಪ್ಪಾಗಲಿಲ್ಲ. ಬೆಳಗಿನ ಜಾವ ಅತ್ತೆಗೂ ನಮ್ಮ ಯಜಮಾನರಿಗೂ ವಾಂತಿ, ಭೇದಿ. ಈಗ ಕಡಿಮೆಯಾಗಿದೆ. ಮಜ್ಜಿಗೆ ಕೊಡುತ್ತಿದ್ದೇನೆ. ಸಾಕಾ?

ಮೇಡಂ: ಸಾಲದು ಅಮ್ಮ. ಈಗಲೇ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಉಂಡು 6 ಗಂಟೆ ಕಳೆದ ಮೇಲೆ ವಾಂತಿ ಶುರುವಾಗಿದ್ದರೆ ಅದು ಕೆಟ್ಟ ಸೂಚನೆ. ಅಮನಿಟ ಜಾತಿಯ ಕೆಲವು ಅಣಬೆಗಳ ವಿಷ ಹಾಗೇ ಕೆಲಸ ಮಾಡುತ್ತದೆ. ಮೊದಲು ವಾಂತಿ, ಭೇದಿ. ಆಮೇಲೆ ಹುಷಾರಾದ ಹಾಗೆ ಕಾಣುತ್ತದೆ. ಅದೇ ಹೊತ್ತಲ್ಲಿ ಒಳಗೆ ಲಿವರ್ ಕೆಡುತ್ತಿರುತ್ತದೆ. ಕಣ್ಣು ಹಳದಿಯಾಗುವ ತನಕ ಕಾದರೆ ತುಂಬಾ ತಡವಾಗುತ್ತದೆ. ಈ ವಿಷ ಕುದಿಸಿದರೂ ಹೋಗುವುದಿಲ್ಲ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಈ ವಿಷ ಬೆಳ್ಳಿಗೆ ಏನೂ ಮಾಡುವುದಿಲ್ಲ. ಸಾರು ತಿಂದವರೆಲ್ಲ ಹೋಗಿ, ವಾಂತಿಯಾಗದವರೂ. ಉಳಿದ ಅಣಬೆ, ಹೆಚ್ಚಿದ ಕಸ ಏನಿದ್ದರೂ ಕಾಗದದಲ್ಲಿ ಸುತ್ತಿ ತೆಗೆದುಕೊಳ್ಳಿ. ಯಾವ ಮರದ ಬುಡದಲ್ಲಿ ಕಿತ್ತಿರಿ, ಎಷ್ಟು ಹೊತ್ತಿಗೆ ಉಂಡಿರಿ, ವಾಂತಿ ಯಾವಾಗ ಶುರುವಾಯಿತು, ಎಲ್ಲ ಡಾಕ್ಟರಿಗೆ ಹೇಳಿ. ಅಣಬೆ ತಿಂದೆವು ಅಂತ ಮೊದಲ ಮಾತಲ್ಲೇ ಹೇಳಿ.

ಬೇಲೂರು: ಭಯ ಬೇಡ ಅಕ್ಕ. ಅರಿಶಿನ, ಹುಣಸೆ ನೀರು ಕುಡಿಸಿ, ಎಂಥ ವಿಷವೂ ಇಳಿಯುತ್ತದೆ. ಫಾರ್ವರ್ಡ್ ಹಾಕಿದ್ದೇನೆ ನೋಡಿ.

ಮೇಡಂ: ದಯವಿಟ್ಟು ಅಳಿಸಿ. ಅದನ್ನು ನಂಬಿ ಒಂದು ಗಂಟೆ ಮನೆಯಲ್ಲಿ ಕೂತರೂ ಜೀವಕ್ಕೆ ಅಪಾಯ.

ಬೇಲೂರು: ನಮ್ಮಜ್ಜಿ ಕಾಲದಿಂದ ಅಣಬೆ ತಿಂದಿದ್ದೇವೆ, ಯಾರಿಗೂ ಏನೂ ಆಗಿಲ್ಲ.

ಮೂಡಿಗೆರೆ: ನಿಮ್ಮಜ್ಜಿಗೆ ಹುತ್ತದ ಅಣಬೆಯ ಗುರುತಿತ್ತು. ಯಾವ ಮಳೆಗೆ ಎಲ್ಲಿ ಏಳುತ್ತದೆ ಅಂತಲೂ ಗೊತ್ತಿತ್ತು. ನಿಮಗಿದೆಯಾ?

ಚನ್ನರಾಯಪಟ್ಟಣ: ಮೇಡಂ, ತೇಲುವ ಅಕ್ಕಿ ಪ್ಲಾಸ್ಟಿಕ್ಕಾ?

ಮೇಡಂ: ಅಲ್ಲ. ಮೇಲೆ ಓದಿ.

ಕಡೂರು: ಜೇನುತುಪ್ಪ ಅಸಲಿಯಾ ಅಂತ ಮನೆಯಲ್ಲೇ ತಿಳಿಯೋದು ಹೇಗೆ?

ಚಿಕ್ಕಮಗಳೂರು: ಕಾಫಿ ಪುಡಿಯಲ್ಲಿ ಚಿಕೋರಿ ಎಷ್ಟಿರಬಹುದು ಮೇಡಂ?

ಮೇಡಂ: ಶೇ. 49 ಮೀರಬಾರದು. ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು. ತಣ್ಣೀರಿನ ಮೇಲೆ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಬಣ್ಣ ಬಿಡುತ್ತಾ ಮುಳುಗುತ್ತದೆ.

ಮೂಡಿಗೆರೆ: ಕಾಫಿ ಬೆಳೆಯುವ ಜಿಲ್ಲೆಯಲ್ಲೇ ಚಿಕೋರಿ ಕುಡಿಯೋದು ನಾಚಿಕೆ.

ಆಲೂರು: ಚಿಕೋರಿ ಇಲ್ಲದಿದ್ದರೆ ಡಿಕಾಕ್ಷನ್ ಗಟ್ಟಿ ಬರಲ್ಲ ರೀ.

ಮೂಡಿಗೆರೆ: ಗಟ್ಟಿ ಅಲ್ಲ, ಬರೀ ಕಪ್ಪು.

ಆಲೂರು: ನಿಮಗೆ ತೋಟ ಇದೆ. ನಾವು ಅಂಗಡಿಯಲ್ಲಿ ಕೆಜಿ ರೇಟು ನೋಡಿ ತರೋರು.

ಮೂಡಿಗೆರೆ: ತೋಟ ಇದ್ದವರೆಲ್ಲ ಸಾಹುಕಾರರಾ? ಕೂಲಿ, ಗೊಬ್ಬರದ ಲೆಕ್ಕ ನಿಮಗೇನು ಗೊತ್ತು?

ಹಾಸನ: ಒಬ್ಬರ ಮನೆಯಲ್ಲಿ ಇಬ್ಬರು ಮಲಗಿದ್ದಾರೆ. ನಿಮ್ಮ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಮೇಡಂ, ಆಲೂಗಡ್ಡೆ ಹಸಿರಾಗಿದೆ, ಬೇಯಿಸಿದರೆ ಸರಿಹೋಗುತ್ತಾ?

ಮೇಡಂ: ಇಲ್ಲ. ಅದರಲ್ಲಿರುವ ಸೋಲನಿನ್ ಎಂಬ ವಿಷ ಬೇಯಿಸಿದರೂ ಉಳಿಯುತ್ತದೆ. ಎಸೆಯಿರಿ. ಸಕಲೇಶಪುರದವರು ಎಲ್ಲಿದ್ದೀರಿ?

ಹಳೇಬೀಡು: ರೇಷನ್ ಅಕ್ಕಿ ವಿಡಿಯೋ ನಿಜಾನಾ?

ಮೇಡಂ: ಸುಳ್ಳು. ಇನ್ನು ಅಕ್ಕಿ ಬಗ್ಗೆ ಕೇಳಬೇಡಿ.

ಸಕಲೇಶಪುರ: ಆಸ್ಪತ್ರೆಯಲ್ಲಿದ್ದೇವೆ ಮೇಡಂ. ಇಬ್ಬರಿಗೂ ಡ್ರಿಪ್ ಹಾಕಿದ್ದಾರೆ. ನನ್ನ ರಕ್ತವನ್ನೂ ತೆಗೆದುಕೊಂಡರು. ಯಜಮಾನರು ಸಂಜೆ ಮನೆಗೆ ಹೋಗೋಣ ಅನ್ನುತ್ತಿದ್ದಾರೆ.

ಮೇಡಂ: ಬೇಡ. ಲಿವರ್ ಪರೀಕ್ಷೆ ನಾಳೆಯೂ, ನಾಳಿದ್ದೂ ಆಗಬೇಕು. ಡಾಕ್ಟರ್ ಕಳಿಸುವ ತನಕ ಅಲ್ಲೇ ಇರಿ. ಅಡ್ಮಿನ್, ಆ ಹುಣಸೆ ನೀರಿನ ಫಾರ್ವರ್ಡ್ ಇನ್ನೂ ಇದೆ. ತೆಗೆಯಿರಿ.