ಸಹಾಯ ಬೇಕು: ಪೋಲೆಂಡಿನ ವುಚ್ ನಗರದ ಹಳೆಯ ರಷ್ಯನ್ ದಾಖಲೆ ಓದಬಲ್ಲವರು

ನಮಸ್ಕಾರ. ವುಚ್‌ನ ಬಟ್ಟೆ ಗಿರಣಿಗಳ ಕಾಲಾನುಕ್ರಮಣಿಕೆ ಕನ್ನಡದಲ್ಲಿ ಸಿದ್ಧವಾಗುತ್ತಿದೆ. 1820ರಲ್ಲಿ ಕಾರ್ಖಾನೆ ಪಟ್ಟಣವೆಂಬ ಘೋಷಣೆ, 1839ರಲ್ಲಿ ಗೈಯರ್ ಗಿರಣಿಗೆ ಉಗಿಯಂತ್ರ, 1851ರಲ್ಲಿ ರಷ್ಯಾ ಜೊತೆಗಿನ ಸುಂಕದ ಗಡಿ ರದ್ದು, 1865ರಲ್ಲಿ ಹತ್ತಿರದ ಊರು ಕೊಲುಷ್ಕಿ ಕಡೆಯಿಂದ ರೈಲು: ಇಷ್ಟು ಮುಗಿದಿದೆ. (ರೈಲಿಗಿಂತ ಸುಂಕ ರದ್ದಾದದ್ದೇ ದೊಡ್ಡ ತಿರುವು, ರಷ್ಯಾದ ಮಾರುಕಟ್ಟೆ ತೆರೆದದ್ದು ಅದರಿಂದ.)

ತೊಡಕು ಆಮೇಲಿನದು. ವುಚ್ ಆಗ ರಷ್ಯಾದ ಆಳ್ವಿಕೆಯಲ್ಲಿದ್ದುದರಿಂದ 1860ರ ದಶಕದ ಕೊನೆಯಿಂದ ಸರ್ಕಾರಿ ಕಾಗದಪತ್ರವೆಲ್ಲ ರಷ್ಯನ್ ಕೈಬರಹ. ಅದರಲ್ಲಿ 'ಇ', 'ಶ', 'ಮ' ಅಕ್ಷರಗಳು ಬರೀ ಸಾಲು ಗೀಟುಗಳಾಗಿ ಕಾಣುತ್ತವೆ. ರಷ್ಯನ್ನಿನಲ್ಲಿ 'ಹ' ಇಲ್ಲದ್ದರಿಂದ ಹೈನ್ಜೆಲ್ ಎಂಬ ಗಿರಣಿ ಮಾಲೀಕರ ಹೆಸರು 'ಗ'ಕಾರದಲ್ಲಿ ಸಿಗುತ್ತದೆ. 'ಹ'ದಲ್ಲಿ ಹುಡುಕಿದರೆ ಕೈಗೆ ಬರುವುದಿಲ್ಲ.

ಓದಿಕೊಡುವವರು ದಯವಿಟ್ಟು ತಾರೀಖನ್ನು ಇದ್ದಂತೆಯೇ ಬರೆಯಿರಿ. ರಷ್ಯಾದಲ್ಲಿ ಆಗ ಇದ್ದ ಹಳೆಯ ಜೂಲಿಯನ್ ಪಂಚಾಂಗದ ತಾರೀಖನ್ನು ಇಂದಿನದಕ್ಕೆ ತರಲು 1900ರ ಫೆಬ್ರವರಿವರೆಗೆ 12 ದಿನ, ನಂತರ 13 ದಿನ ಕೂಡಿಸಬೇಕು; ಆ ಲೆಕ್ಕ ನಾವು ಆಮೇಲೆ ಮಾಡುತ್ತೇವೆ. ಡಿಸೆಂಬರ್ ಕೊನೆಯ ಘಟನೆಗಳಲ್ಲಿ ಇಸವಿಯೇ ಬದಲಾಗುತ್ತದೆ. ಎರಡು ತಾರೀಖು ಜೊತೆಗಿದ್ದರೆ ಹಿಂದಿನದು ಜೂಲಿಯನ್. ಹತ್ತಿಯ ತೂಕ ಪೂದ್‌ನಲ್ಲಿದ್ದರೆ ಹಾಗೇ ಬಿಡಿ (ಪೂದ್ ರಷ್ಯಾದ ಹಳೆಯ ತೂಕದ ಅಳತೆ, 1 ಪೂದ್ ಸುಮಾರು 16.38 ಕೆಜಿ). ಅನುಮಾನವಿರುವ ಪದದ ಮುಂದೆ ಪ್ರಶ್ನೆಚಿಹ್ನೆ ಸಾಕು, ಊಹಿಸಿ ತುಂಬಬೇಡಿ.

ಒಬ್ಬೊಬ್ಬರಿಗೆ ಎರಡು ಮೂರು ಪುಟ ಮಾತ್ರ. ಬಿಡುವಿದ್ದವರು ಕೆಳಗೆ ತಿಳಿಸಿ, ಸ್ಕ್ಯಾನ್ ಕಳಿಸುತ್ತೇವೆ.