ಅಪ್‌ಡೇಟ್: ಹಳೆಯ ಪಿಕಪ್‌ನ ನಡುಕಕ್ಕೆ ಕಾರಣ ಸಿಕ್ಕಿತು

3 ಲಕ್ಷ ಕಿಲೋಮೀಟರ್ ದಾಟಿದ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡ ಮೇಲೆ, ನಿಂತಲ್ಲಿಂದ ಹೊರಡುವಾಗ, ಅದರಲ್ಲೂ ಲೋಡ್ ಇದ್ದಾಗ, ಸೀಟಿನ ಕೆಳಗೆ ಗಡಗಡ ನಡುಕ ಏಕೆ ಬರುತ್ತದೆ ಎಂದು ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ, ಸಲಹೆಗಳೂ ಬಂದಿದ್ದವು. ಆ ತೊಂದರೆ ಈಗ ಪೂರ್ತಿ ನಿಂತಿದೆ.

ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದ್ದರಿಂದ ವ್ಯತ್ಯಾಸವೇನೂ ಆಗಲಿಲ್ಲ. ಚಕ್ರದ ಅಸಮತೋಲನ ಸಾಮಾನ್ಯವಾಗಿ ವೇಗ ಹೆಚ್ಚಿದಾಗ ಕಾಣಿಸುವಂಥದ್ದು, ನನ್ನ ಗಾಡಿಯಲ್ಲಾದರೋ ವೇಗ ಹಿಡಿದಂತೆ ನಡುಕ ತಗ್ಗುತ್ತಿತ್ತು. ಎಂಜಿನ್ ಅನ್ನು ಹಿಡಿದಿಡುವ ಮೌಂಟಿಂಗ್‌ಗಳೂ ಚೆನ್ನಾಗಿಯೇ ಇದ್ದವು. ಫಲ ಕೊಟ್ಟದ್ದು, ಎಂಜಿನ್‌ನ ಶಕ್ತಿಯನ್ನು ಹಿಂದಿನ ಚಕ್ರಗಳತ್ತ ಒಯ್ಯುವ ಉದ್ದ ದಂಡವಾದ ಪ್ರೊಪೆಲ್ಲರ್ ಶಾಫ್ಟ್‌ನ ಸೆಂಟರ್ ಬೇರಿಂಗ್ ನೋಡಿಸಿ ಎಂಬ ಸಲಹೆ. ಅದನ್ನು ಕೊಟ್ಟವರಿಗೆ ಕೃತಜ್ಞತೆಗಳು. ಎರಡು ತುಂಡಿನ ಶಾಫ್ಟನ್ನು ನಡುವೆ ಹಿಡಿದಿಡುವ ಆ ಬೇರಿಂಗ್‌ನ ಸುತ್ತಲಿನ ರಬ್ಬರ್ ಹರಿದುಹೋಗಿ, ಕೈಯಿಂದ ಅಲುಗಿಸಿದರೇ ಶಾಫ್ಟ್ ಮೇಲೆ ಕೆಳಗೆ ಆಡುತ್ತಿತ್ತು. ಬೇರಿಂಗ್ ಬದಲಿಸಿದ ಮೇಲೆ ನಡುಕ ನಿಂತಿತು.

ನನಗೆ ಹೊಸದಾಗಿ ತಿಳಿದ ಸಂಗತಿಯೆಂದರೆ, ಶಾಫ್ಟ್ ಬಿಚ್ಚುವ ಮೊದಲು ಜೋಡಣೆಯ ಎರಡೂ ಬದಿಗೆ ಬಣ್ಣದ ಗುರುತು ಹಾಕಿಕೊಂಡು, ಮರಳಿ ಅದೇ ಸ್ಥಾನದಲ್ಲಿ ಕೂರಿಸದಿದ್ದರೆ, ಬೇರಿಂಗ್ ಹೊಸದಾಗಿದ್ದರೂ ನಡುಕ ಉಳಿಯಬಹುದು. ಮೆಕ್ಯಾನಿಕ್ ಈ ಗುರುತನ್ನು ತಾವಾಗಿಯೇ ಹಾಕಿದ್ದನ್ನು ನೋಡಿ ನನಗೆ ಸಮಾಧಾನವಾಯಿತು. ಹಿಂದಿನ ಲೀಫ್ ಸ್ಪ್ರಿಂಗ್‌ಗಳು ಕುಸಿದರೆ ಶಾಫ್ಟ್‌ನ ಕೋನ ಬದಲಾಗಿ ಕೂಡ ಇಂಥದೇ ನಡುಕ ಬರುತ್ತದೆಂದು ಅವರು ಹೇಳಿದ್ದರಿಂದ ಅವುಗಳನ್ನೂ ಪರೀಕ್ಷಿಸಿದೆವು, ದೋಷ ಕಾಣಲಿಲ್ಲ. ಶಾಫ್ಟ್‌ನ ಕೋನ ಬದಲಾದರೂ ಅದು ತಿರುಗುವಂತೆ ಮಾಡುವ ಕೀಲಾದ ಹಿಂದಿನ ಯೂನಿವರ್ಸಲ್ ಜಾಯಿಂಟ್‌ನಲ್ಲಿ ತುಸು ಸಡಿಲ ಇದೆ. ಸದ್ಯಕ್ಕೆ ಗ್ರೀಸ್ ತುಂಬಿಸಿದ್ದೇನೆ, ಮುಂದಿನ ಸರ್ವೀಸ್‌ನಲ್ಲಿ ಬದಲಾಯಿಸುವೆ.