ಸಹಾಯ ಬೇಕು: ತಂಗಿ ಆ್ಯಪ್‌ನಲ್ಲಿ ಸುಳ್ಳು ಬರೀತಿದ್ದಾಳೆ

ಉಡುಪಿಯವರು ನಾವು. ತಂಗಿಗೆ 19, ಬುಲಿಮಿಯಾ ಉಂಟು, ಅಂದ್ರೆ ಒಮ್ಮೆಲೇ ತುಂಬ ತಿಂದು ಆಮೇಲೆ ವಾಂತಿ ಮಾಡಿಯೋ ಉಪವಾಸ ಕೂತೋ ಅದನ್ನು ಕಳೆಯಲು ನೋಡುವ ಕಾಯಿಲೆ. 15 ದಿನಕ್ಕೊಮ್ಮೆ ಮಂಗಳೂರಿಗೆ ಕೌನ್ಸೆಲಿಂಗ್‌ಗೆ ಕರ್ಕೊಂಡು ಹೋಗುದು. ತಿಂದದ್ದು, ಆಗ ಮನಸ್ಸು ಹೇಗಿತ್ತು, ವಾಂತಿ ಮಾಡಿದಳಾ, ಎಲ್ಲ ಆಗಿಂದಾಗಲೇ ಬರೀಬೇಕು. ಪುಸ್ತಕದಲ್ಲಿ ಬರೆದ್ರೆ ಅಮ್ಮ ಓದ್ತಾರೆ ಅಂತ ರಿಕವರಿ ರೆಕಾರ್ಡ್ ಆ್ಯಪ್ ಹಾಕಿಕೊಟ್ಟೆ. ಕ್ಯಾಲೊರಿ ಲೆಕ್ಕ ಇಲ್ಲ, ಅದೊಂದು ಸಮಾಧಾನ. ಮೊದಲಿನ ಡಯಟ್ ಆ್ಯಪ್‌ನಲ್ಲಿ ನೀರುದೋಸೆಗೂ ಲೆಕ್ಕ ಹಾಕ್ತಾ ಕೂರ್ತಿದ್ದಳು ಮಾರ್ರೆ!

ಈಗ ಸಮಸ್ಯೆ ಬೇರೆ ಉಂಟು. ರಿಮೈಂಡರ್ ಬಡಿದ ಕೂಡಲೇ ಗಂಜಿ ಮುಟ್ಟದೆಯೇ ‘ಊಟ ಆಯ್ತು’ ಅಂತ ಒತ್ತಿ ಫೋನ್ ಮಗುಚಿ ಇಡ್ತಾಳೆ. ರಿಮೈಂಡರ್ ಹೊತ್ತು ಬದಲಾಯಿಸಿ ನೋಡಿದೆ, ಪಕ್ಕದಲ್ಲಿ ಕೂತು ಉಂಡೆ, ಒಮ್ಮೆ ಬೈದೂ ಬಿಟ್ಟೆ. ಬೈದದ್ದು ತಪ್ಪಾಯ್ತು, ಎರಡು ದಿನ ಮಾತಾಡ್ಲಿಲ್ಲ.

ಇಂಥದ್ದು ಮನೆಯಲ್ಲಿ ನೋಡಿದವರು ಹೇಳಿ: ಅವಳಿಗೆ ಹೇಳದೆ ಕೌನ್ಸೆಲರ್‌ಗೆ ತಿಳಿಸುದಾ, ಇಲ್ಲ ಅವಳ ಎದುರೇ ಹೇಳುದಾ? ಅಲ್ಲಿವರೆಗೆ ರಿಮೈಂಡರ್ ಬಂದ್ ಮಾಡಬಹುದಾ?